ಕಾಲಂ ಹನ್ನೊಂದು

ಗುದೈಬಿಯಾದ ಹಿಂಗಲ್ಲಿಯಲ್ಲಿ ನಮ್ಮ ಕಾರ್ಗೋ ಆಫೀಸು,
ಬಾಗಿಲಲ್ಲಿ ತಕ್ಕಡಿ, ತಲೆಯ ಮೇಲೆ ಕೆಮ್ಮುವ ಏಸಿ.
ಹದಿನೇಳು ವರ್ಷದಿಂದ ಅದೇ ಫಾರಮ್ಮು.
ಕಾಲಂ ಹನ್ನೊಂದರಲ್ಲಿ ಎರಡು ಚೌಕ:
ವ್ಯಾಪಾರಕ್ಕೆ,
ವ್ಯಾಪಾರಕ್ಕಲ್ಲ.
ಎರಡನೆಯದಕ್ಕೆ ಕಿಲೋಗೆ ನೂರು ಫಿಲ್ಸ್ ಕಡಿಮೆ.
ಅದರಲ್ಲಿ ಗೀಟೆಳೆಯುವುದಕ್ಕೆ ನನಗೆ ಸಂಬಳವಿದೆ.

ಹಸನಬ್ಬ ಹನ್ನೆರಡು ಟಾರ್ಚು ತಂದ, ಎಲ್ಲ ಒಂದೇ ನಮೂನೆ.
ಆರು ದಾಟಿದರೆ ವ್ಯಾಪಾರ, ಎಂದರು ಮ್ಯಾನೇಜರು.
ಅವನು ಬೆರಳು ಮಡಚಿದ:
ತಂಗಿಯರು ಐವರು, ಬಾವಂದಿರು ಐವರು,
ಒಂದು ಮಸೀದಿಗೆ,
ಒಂದು, ಯಾವುದಾದರೂ ಹಾಳಾದರೆ ಇರಲಿ ಅಂತ.
ಜೆಸಿಂತಾಬಾಯಿ ತಂದದ್ದು ಅರ್ಧ ಮುಗಿದ ಸೆಂಟು,
ಮನೆಯೊಡತಿಗೆ ಬೇಸರ ಬಂದು ಕೊಟ್ಟದ್ದು.
ಬೆಲೆ ಎಷ್ಟು ಬರೆಯಲಿ ಬಾಯಿ?
ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಕೇಳಿದರು,
ಉಳಿದದ್ದಕ್ಕಾ, ಮುಗಿದದ್ದಕ್ಕಾ?

ಇದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು
ಯಾರಾದರೂ ಕೇಳಿದರೆ ತಡವರಿಸುತ್ತೇನೆ.
ವಾಣಿಜ್ಯೇತರ ಎಂದರೆ ಸೀಲಿನ ಶಾಯಿಯ ವಾಸನೆ.
ಪುಕ್ಕಟೆ ಎಂದರೆ ಯಾರೋ ಮೂಗು ಮುರಿದಂತೆ.
ಬಿಟ್ಟಿ ಎಂದರೆ ನಮ್ಮಜ್ಜನ ಬೆನ್ನು ಕಾಣುತ್ತದೆ,
ಪಟೇಲರ ಗದ್ದೆಯಲ್ಲಿ ಬಾಗಿ ಹಾಗೆಯೇ ಉಳಿದದ್ದು.
ದಾನ ಎಂದರೆ ಕೊಟ್ಟವನ ಕೈ ಮೇಲೆ;
ಹಸುವಿನ ಹಲ್ಲು ಎಣಿಸುವ ಮಾತು ಹಿಂದೆಯೇ ಬರುತ್ತದೆ.
ಲಾಭ ನೋಡದೆ ಸುಮ್ಮನೆ ಮಾಡಿದ್ದಕ್ಕೆ
ನೆಟ್ಟಗೆ ಒಂದು ಹೆಸರಿಲ್ಲವೇ,
ಅಥವಾ ಹೆಸರಿಡುವಷ್ಟು ವಿಶೇಷ ಅನಿಸಲಿಲ್ಲವೇ
ಹಿಂದಿನವರಿಗೆ?

ಮೊನ್ನೆ ಸಿತ್ರಾದ ಕ್ಯಾಂಪಿನಿಂದ ಒಂದು ಪೆಟ್ಟಿಗೆ ಬಂತು.
ದೂಮಪ್ಪನದು.
ಆಳು ಆಗಲೇ ವಿಮಾನದಲ್ಲಿ ಹೋಗಿಯಾಗಿತ್ತು,
ಬೇರೆ ದರ, ಬೇರೆ ಫಾರಮ್ಮು.
ಹೊತ್ತು ತಂದವನು ರೂಮಿನ ಜೊತೆಗಾರ ನರ್ಸಯ್ಯ.
ಎರಡು ಪ್ಯಾಂಟು. ಕನ್ನಡಕ. ಮುಗಿಯದ ಬಿಪಿ ಮಾತ್ರೆ.
ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಒಂದು ಕತ್ತರಿ,
ಹಲ್ಲು ಮುರಿದ ಬಾಚಣಿಗೆ, ಪೌಡರಿನ ಬ್ರಷ್ಷು.

ಶುಕ್ರವಾರ ಕ್ಯಾಂಪಿನ ತಾರಸಿಯಲ್ಲಿ
ನೀರಿನ ಟ್ಯಾಂಕಿನ ನೆರಳು ಸರಿದತ್ತ ಸ್ಟೂಲು ಎಳೆದುಕೊಳ್ಳುತ್ತ
ಕ್ರೇನು ನಡೆಸುವ ಕೈಯಲ್ಲಿ ಎಲ್ಲರ ಕೂದಲು ತೆಗೆಯುತ್ತಿದ್ದ.
ನಾನೂ ಕೂತಿದ್ದೇನೆ.
ಎಡಗಿವಿಯ ಹಿಂದೆ ಯಾವಾಗಲೂ ಒಂದು ಚೂರು ಬಿಟ್ಟಿರುತ್ತಿದ್ದ.
ಒಮ್ಮೆ ಅರ್ಧ ದಿನಾರು ಕೊಡಹೋದೆ.
ದುಡ್ಡು ತಕೊಂಡ್ರೆ ಇದು ಅಂಗಡಿ ಆಗ್ತದೆ ಮಾರಾಯ್ರೆ,
ಅಂಗಡಿಗೆ ಲೈಸೆನ್ಸು, ಲೈಸೆನ್ಸಿಗೆ ಅರಬ್ಬಿ, ಅರಬ್ಬಿಗೆ ಫೀಸು,
ಆಮೇಲೆ ನಾನು ಚಂದ ತೆಗೀಬೇಕಾಗ್ತದೆ.

ಏನೂ ಸಿಗುತ್ತಿರಲಿಲ್ಲ ಎನ್ನಲಾರೆ.
ತಲೆ ಬಗ್ಗಿಸಿ ಕೂತವನು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ.
ಯಾರ ಹೆಂಡತಿ ಮಾತು ಬಿಟ್ಟಿದ್ದಾಳೆ,
ಯಾರ ಪಾಸ್‌ಪೋರ್ಟು ಯಾರ ಡ್ರಾಯರಿನಲ್ಲಿದೆ,
ಎಲ್ಲವೂ ಅವನ ಕಾಲ ಬುಡದಲ್ಲಿ ಬೀಳುತ್ತಿತ್ತು.
ಸಂಜೆ ಗುಡಿಸಿ ಚೀಲಕ್ಕೆ ತುಂಬಿ
ಬಾಯಿ ಕಟ್ಟಿಬಿಡುತ್ತಿದ್ದ.
ಇದು ಲಾಭದ ಲೆಕ್ಕಕ್ಕೆ ಬರುತ್ತದೋ ಏನೋ.

ಕಂಪ್ಯೂಟರು ಕೇಳಿತು: ಕತ್ತರಿ, ಒಂದು. ಬೆಲೆ?
ಸೊನ್ನೆ ಒತ್ತಿದೆ. ಕೆಂಪಾಯಿತು.
ವ್ಯಾಪಾರಕ್ಕಲ್ಲದ್ದಕ್ಕೂ ಒಂದು ಬೆಲೆ ಬೇಕಂತೆ,
ದಾರಿಯಲ್ಲಿ ಕಳೆದರೆ ಕಟ್ಟಿಕೊಡಲು.
ನರ್ಸಯ್ಯ ತಲೆಯ ಮೇಲೆ ಕೈಯಾಡಿಸಿಕೊಂಡ,
ಐದು ವಾರದ ಕೂದಲು.
ಇಪ್ಪತ್ತು ತಲೆ ಸಾರ್, ಒಂಬತ್ತು ವರ್ಷ, ಎಂದು ಗುಣಿಸತೊಡಗಿ
ಅರ್ಧಕ್ಕೇ ನಿಲ್ಲಿಸಿದ.
ಬೇಡ. ಬೈತಾನೆ.

ಐನೂರು ಫಿಲ್ಸ್ ಎಂದು ಬರೆದೆ.
ಅವನು ನನಗೆ ವಾಪಸು ಕೊಟ್ಟದ್ದು ಅಷ್ಟೇ.

ಪೆಟ್ಟಿಗೆಗೆ ಟೇಪು ಸುತ್ತಿ ಮುಗಿದಾಗ
ಕೊಯ್ಯಲು ಬ್ಲೇಡು ಕೈಗೆ ಸಿಗಲಿಲ್ಲ.
ನರ್ಸಯ್ಯ ಅಂಗಿಯ ಜೇಬಿನಿಂದ ಕತ್ತರಿ ತೆಗೆದ,
ಚಕ್ಕನೆ ಕತ್ತರಿಸಿದ,
ಮತ್ತೆ ಜೇಬಿಗಿಟ್ಟುಕೊಂಡ, ಹಿಡಿಕೆ ಮೇಲಾಗಿ.
ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.
ಫಾರಮ್ಮು ಆಗಲೇ ಪ್ರಿಂಟಾಗಿತ್ತು.